ಸತುವಿನ ಟೂತ್‌ಪೇಸ್ಟ್: ತಿಂಗಳುಗಟ್ಟಲೆ ಹದ ಉಳಿಯುವಂತೆ ತಯಾರಿಸುವ ಕ್ರಮ

ಹುಬ್ಬಳ್ಳಿಯ ತಾರಿಹಾಳದಲ್ಲಿ ಚಿಕ್ಕ ಘಟಕವೊಂದನ್ನು ಇಟ್ಟುಕೊಂಡು ನಾನು ಮೊದಲ ಸಲ ಸತುವಿನ ಪೇಸ್ಟ್ ಮಾಡಿದಾಗ ಅದು ಬೆಣ್ಣೆಯ ಹಾಗೆ ನುಣುಪಾಗಿ ಬಂದಿತ್ತು. ಆಗ ಫೆಬ್ರವರಿ. ಪರೀಕ್ಷೆಗೆಂದು ಕೆಲವು ಟ್ಯೂಬುಗಳನ್ನು ಗದಗಿನಲ್ಲಿರುವ ಬಂಧುಗಳ ತಗಡಿನ ಮಾಡಿನ ಮನೆಯಲ್ಲಿ ಇಟ್ಟು ಬಂದಿದ್ದೆ. ಏಪ್ರಿಲ್ ಕೊನೆಯಲ್ಲಿ ಹೋಗಿ ಒಂದು ಟ್ಯೂಬನ್ನು ಒತ್ತಿದರೆ ಮೊದಲು ಬಂದದ್ದು ತಿಳಿನೀರು, ಅದರ ಹಿಂದೆ ಬಂದದ್ದು ಒಡೆದ ಹಾಲಿನಂತಹ ಗರಣೆ. ಪೇಸ್ಟಿಗೆ ಮೈಕಟ್ಟು ಕೊಡುವ ಬಂಧಕ ಕಡಿಮೆಯಾಗಿರಬೇಕೆಂದು ತಿಳಿದು ಮುಂದಿನ ಸಲ ಅದನ್ನೇ ಹೆಚ್ಚಿಸಿದೆ, ನೀರು ಇನ್ನೂ ಬೇಗ ಬಿಟ್ಟಿತು. ತಪ್ಪು ಅಳತೆಯಲ್ಲಿರಲಿಲ್ಲ, ಜೋಡಿಯಲ್ಲಿತ್ತು: ನಾನು ಬಳಸಿದ್ದ ಜಿಂಕ್ ಕ್ಲೋರೈಡ್ ಎಂಬ ಸತುವಿನ ಲವಣ ಮತ್ತು ಕ್ಯಾರಗೀನನ್ ಎಂಬ ಬಂಧಕ ಒಂದೇ ಪಾತ್ರೆಯಲ್ಲಿ ಬಾಳುವ ಪದಾರ್ಥಗಳಲ್ಲ. ಸತುವಿನ ಪೇಸ್ಟಿನ ಹದ ಉಳಿಯುವುದೂ ಕೆಡುವುದೂ ಬಹುಪಾಲು ಈ ಜೋಡಿಯ ಆಯ್ಕೆಯಲ್ಲಿಯೇ ತೀರ್ಮಾನವಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ.

ಸತುವನ್ನು ಪೇಸ್ಟಿಗೆ ಏಕೆ ಹಾಕುತ್ತಾರೆಂಬುದನ್ನು ಚುಟುಕಾಗಿ ಹೇಳುವುದಾದರೆ, ಅದು ಬಾಯಿಯ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಗ್ಗಿಸುತ್ತದೆ, ಹಲ್ಲಿನ ಮೇಲೆ ಗಟ್ಟಿಪಾಚಿಯ ಹರಳುಗಟ್ಟುವಿಕೆಯನ್ನು ನಿಧಾನಗೊಳಿಸುತ್ತದೆ ಮತ್ತು ದುರ್ವಾಸನೆಗೆ ಕಾರಣವಾದ ಗಂಧಕದ ಅನಿಲಗಳನ್ನು ಹಿಡಿದಿಡುತ್ತದೆ. (ರೊಟ್ಟಿಯ ಜೊತೆ ತಿಂದ ಬೆಳ್ಳುಳ್ಳಿ ಚಟ್ನಿಯ ವಾಸನೆಗೆ ಮಾತ್ರ ಇದರಿಂದ ಪೂರ್ತಿ ಪರಿಹಾರವಿಲ್ಲ, ಅದರ ಒಂದು ಭಾಗ ರಕ್ತಕ್ಕೆ ಸೇರಿ ಉಸಿರಿನಿಂದ ಹೊರಬರುತ್ತದೆ.)

ಹದ ಏಕೆ ಕೆಡುತ್ತದೆ

ನೀರಿನಲ್ಲಿ ಕರಗಿದ ಸತುವಿನ ಅಯಾನು ಎರಡು ಧನಾವೇಶಗಳನ್ನು ಹೊತ್ತಿರುತ್ತದೆ. ಪೇಸ್ಟಿಗೆ ಮೈಕಟ್ಟು ಕೊಡುವ ಬಂಧಕಗಳಲ್ಲಿ ಹೆಚ್ಚಿನವು ಋಣಾವೇಶದವು: ಕ್ಯಾರಗೀನನ್ನಿನ ಎಳೆಗಳ ಮೇಲೆ ಸಲ್ಫೇಟ್ ಗುಂಪುಗಳಿವೆ, ಸಿಎಂಸಿ ಎಂದು ಕರೆಯುವ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸಿನ ಎಳೆಗಳ ಮೇಲೆ ಕಾರ್ಬಾಕ್ಸಿಲೇಟ್ ಗುಂಪುಗಳಿವೆ. ಒಂದು ಸತುವಿನ ಅಯಾನು ಇಂತಹ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಗಂಟು ಹಾಕುತ್ತದೆ. ಮೊದಮೊದಲು ಇದರಿಂದ ಪೇಸ್ಟ್ ಗಟ್ಟಿಯಾದಂತೆ ಕಂಡು ತಯಾರಕನಿಗೆ ಸಂತೋಷವೇ ಆಗುತ್ತದೆ. ಆದರೆ ಗಂಟುಗಳು ವಾರದಿಂದ ವಾರಕ್ಕೆ ಹೆಚ್ಚಿ ಬಲೆ ಬಿಗಿದುಕೊಂಡಂತೆ, ಹಿಂಡಿದ ಬಟ್ಟೆಯಿಂದ ಇಳಿಯುವ ಹಾಗೆ ಒಳಗಿನ ನೀರು ಹೊರಕ್ಕೆ ಬರುತ್ತದೆ. ಬೇಸಿಗೆಯ ಕಾವು ಈ ಕೆಲಸವನ್ನು ಬೇಗ ಮುಗಿಸುತ್ತದೆ. ಬಂಧಕವನ್ನು ಹೆಚ್ಚಿಸಿದರೆ ಸತುವಿಗೆ ಹಿಡಿಯಲು ಇನ್ನಷ್ಟು ಎಳೆಗಳು ಸಿಕ್ಕಂತಾಯಿತು, ಅಷ್ಟೇ.

ಆದ್ದರಿಂದ ದಾರಿಗಳು ಎರಡು. ಒಂದು, ನೀರಿನಲ್ಲಿ ಬಿಡಿಯಾಗಿ ತಿರುಗುವ ಸತುವಿನ ಪ್ರಮಾಣವನ್ನು ಕಡಿಮೆ ಇಡುವುದು. ಇನ್ನೊಂದು, ಸತು ಹಿಡಿಯಲಾಗದಂತಹ ಬಂಧಕವನ್ನು ಆರಿಸುವುದು. ನಾನು ಎರಡನ್ನೂ ಕೂಡಿಯೇ ಮಾಡುತ್ತೇನೆ.

ಸತುವಿನ ಆಯ್ಕೆ

ಜಿಂಕ್ ಕ್ಲೋರೈಡ್ ಮತ್ತು ಜಿಂಕ್ ಸಲ್ಫೇಟ್ ನೀರಿನಲ್ಲಿ ಪೂರ್ತಿ ಕರಗುತ್ತವೆ. ಬಾಯಿ ತೊಳೆಯುವ ದ್ರಾವಣಕ್ಕೆ ಹೊಂದುತ್ತವೆಯೇ ಹೊರತು ಪೇಸ್ಟಿನ ಹದಕ್ಕೆ ಕಷ್ಟ ಕೊಡುತ್ತವೆ, ರುಚಿಯೂ ಬಲು ಒಗರು. ಜಿಂಕ್ ಸಿಟ್ರೇಟ್ ಟ್ರೈಹೈಡ್ರೇಟ್ ಅಲ್ಪವಾಗಿ ಮಾತ್ರ ಕರಗುತ್ತದೆ. ಹೆಚ್ಚಿನ ಪಾಲು ನುಣ್ಣನೆಯ ಪುಡಿಯಾಗಿ ಪೇಸ್ಟಿನಲ್ಲಿ ಉಳಿದು, ಹಲ್ಲುಜ್ಜುವಾಗ ಬಾಯಿಯ ನೀರಿನಲ್ಲಿ ಕರಗುವ ಕಾರಣ ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ಇದರ ತೂಕದಲ್ಲಿ ಸತುವಿನ ಪಾಲು ಸುಮಾರು ಶೇ. 31, ಆದ್ದರಿಂದ ಪೇಸ್ಟಿನಲ್ಲಿ ಶೇ. 1.5ರಷ್ಟು ಸಿಟ್ರೇಟ್ ಹಾಕಿದರೆ ಸತು ಶೇ. 0.47ರಷ್ಟು ಸಿಗುತ್ತದೆ.

ಜಿಂಕ್ ಆಕ್ಸೈಡಿನಲ್ಲಿ ಸತುವಿನ ಪಾಲು ಶೇ. 80, ಬೆಲೆಯೂ ಕಡಿಮೆ, ಮೇಲಾಗಿ ಪೇಸ್ಟಿಗೆ ಬಿಳುಪನ್ನು ಕೊಡುತ್ತದೆ. ನೀರಿನಲ್ಲಿ ಬಹುತೇಕ ಕರಗದಿರುವುದರಿಂದ ಇದು ನಿರುಪದ್ರವಿ ಎನಿಸುತ್ತದೆ, ಆದರೆ ಜೊತೆಗಿರುವವರನ್ನು ನೋಡಿಕೊಳ್ಳಬೇಕು. ದಂತವೈದ್ಯರು ಕುಳಿಬಿದ್ದ ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಒಂದು ಸಿಮೆಂಟು ಜಿಂಕ್ ಆಕ್ಸೈಡ್ ಪುಡಿಯನ್ನು ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಜೊತೆ ಕಲಸಿದ್ದೇ ಆಗಿದೆ. ಅದೇ ಆಕ್ಸೈಡನ್ನು ಫಾಸ್ಫಾರಿಕ್ ಆಮ್ಲದೊಂದಿಗೆ ಕಲಸಿದರೆ ಇನ್ನೊಂದು ಬಗೆಯ ಸಿಮೆಂಟು, ಪಾಲಿಅಕ್ರಿಲಿಕ್ ಆಮ್ಲದೊಂದಿಗೆ ಕಲಸಿದರೆ ಮತ್ತೊಂದು ಬಗೆಯದು. ಅವರು ಬೇಕೆಂದೇ ಗಟ್ಟಿಗೊಳಿಸುವುದನ್ನು ನಾವು ತಿಳಿಯದೆ ಟ್ಯೂಬಿನಲ್ಲಿ ಮಾಡಿಬಿಡಬಾರದು. ನಮ್ಮ ಕಡೆ ಲವಂಗದ ಘಾಟಿಲ್ಲದ ಪೇಸ್ಟನ್ನು ಹಿರಿಯರು ಪೇಸ್ಟೆಂದೇ ಒಪ್ಪುವುದಿಲ್ಲ. ಲವಂಗ ಬೇಕೇ ಬೇಕೆನ್ನುವವರು ಆಕ್ಸೈಡನ್ನು ಬಿಟ್ಟು ಸಿಟ್ರೇಟ್ ಹಿಡಿಯುವುದು ಲೇಸು. ಆಕ್ಸೈಡನ್ನೇ ಬಳಸುವವರು ಪುದೀನ ಅಥವಾ ಸೋಂಪಿನ ಪರಿಮಳಕ್ಕೆ ಹೋಗಲಿ, ಕಾರ್ಬೋಮರ್ ಎಂಬ ಪಾಲಿಅಕ್ರಿಲಿಕ್ ಬಂಧಕವನ್ನು ಮುಟ್ಟದಿರಲಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಗೊಬ್ಬರದ ಅಂಗಡಿಯಲ್ಲಿ ಜೋಳಕ್ಕೂ ಗೋವಿನಜೋಳಕ್ಕೂ ಕೊಡುವ ಜಿಂಕ್ ಸಲ್ಫೇಟನ್ನಾಗಲಿ, ಬಣ್ಣ ಮತ್ತು ರಬ್ಬರಿನ ಕೆಲಸಕ್ಕೆ ಮಾರುವ ಜಿಂಕ್ ಆಕ್ಸೈಡನ್ನಾಗಲಿ ಬಾಯಿಗೆ ಹಾಕುವ ಪದಾರ್ಥಕ್ಕೆ ಬಳಸಕೂಡದು. ಸತುವಿನ ಅದಿರಿನಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಜೊತೆಯಾಗಿಯೇ ಇರುತ್ತವೆ; ಅವುಗಳನ್ನು ತೆಗೆದು, ಪ್ರತಿ ಲಾಟಿಗೂ ವಿಶ್ಲೇಷಣಾ ಪತ್ರ ಕೊಡುವ ಔಷಧ ದರ್ಜೆಯ ಮಾಲನ್ನೇ ತರಿಸಬೇಕು.

ಬಂಧಕ, ಪುಡಿ ಮತ್ತು ನೀರು

ಬಂಧಕಗಳಲ್ಲಿ ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್, ಅಂದರೆ ಎಚ್‌ಇಸಿ, ಆವೇಶವಿಲ್ಲದ್ದು. ಸತುವಿಗೆ ಅದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಅದೊಂದನ್ನೇ ಹೆಚ್ಚು ಹಾಕಿದರೆ ಪೇಸ್ಟ್ ಬ್ರಷ್ಷಿನಿಂದ ಜೋನಿಬೆಲ್ಲದ ಹಾಗೆ ಎಳೆ ಬಿಡುತ್ತದೆ ಎಂಬುದು ಅದರ ದೋಷ. ದಪ್ಪಗೊಳಿಸುವ ಸಿಲಿಕಾವನ್ನು ಜೊತೆ ಮಾಡಿದರೆ ಎಳೆ ತುಂಡಾಗುತ್ತದೆ. ಕ್ಸಾಂಥನ್ ಗಮ್ ಋಣಾವೇಶದ್ದಾದರೂ ಅದರ ಎಳೆ ಬಿರುಸಾಗಿರುವುದರಿಂದ ಲವಣಗಳನ್ನು ಸಿಎಂಸಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಕೆಲವು ಕ್ಸಾಂಥನ್ ಮಾಲುಗಳಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಉಳಿದುಕೊಂಡಿರುತ್ತದೆ. ಅದನ್ನು ಸಿಎಂಸಿ ಅಥವಾ ಎಚ್‌ಇಸಿ ಜೊತೆ ಬೆರೆಸಿದರೆ ಕಿಣ್ವವು ಸೆಲ್ಯುಲೋಸಿನ ಎಳೆಗಳನ್ನು ಕತ್ತರಿಸುತ್ತಾ ಹೋಗಿ ಎರಡು ತಿಂಗಳಲ್ಲಿ ಪೇಸ್ಟ್ ಅಂಬಲಿಯಾಗಬಹುದು. ಸಿಎಂಸಿಯನ್ನೇ ಬಳಸಬೇಕಾದ ಅನಿವಾರ್ಯ ಇದ್ದರೆ ಪರ್ಯಾಯ ಮಟ್ಟ (ಸೆಲ್ಯುಲೋಸಿನ ಒಂದೊಂದು ಸಕ್ಕರೆ ಕೊಂಡಿಗೆ ಸರಾಸರಿ ಎಷ್ಟು ಕಾರ್ಬಾಕ್ಸಿಮಿಥೈಲ್ ಗುಂಪುಗಳು ಅಂಟಿವೆ ಎಂಬ ಅಂಕಿ) 0.9 ಅಥವಾ ಅದಕ್ಕಿಂತ ಮೇಲಿರುವ ದರ್ಜೆಯನ್ನು ಕೇಳಿ ತರಿಸಿ.

ಉಜ್ಜುವ ಪುಡಿಯಾಗಿ ಸಿಲಿಕಾ ಸೂಕ್ತ. ಸುಣ್ಣದ ಕಾರ್ಬೋನೇಟ್ ಅಗ್ಗವಾದರೂ ಪೇಸ್ಟಿನ ಪಿಎಚ್ ಅನ್ನು (ಆಮ್ಲ-ಕ್ಷಾರದ ಅಳತೆ, 7 ಎಂದರೆ ತಟಸ್ಥ) 9ರ ಆಸುಪಾಸಿಗೆ ಒಯ್ದು, ಕರಗಿದ ಸತುವನ್ನು ಕರಗದ ಕಾರ್ಬೋನೇಟ್ ಮತ್ತು ಹೈಡ್ರಾಕ್ಸೈಡುಗಳಾಗಿ ಇಳಿಸಿಬಿಡುತ್ತದೆ. ಫಾಸ್ಫೇಟ್ ಪುಡಿಗಳ ಜೊತೆಗೂ ಇದೇ ತೊಂದರೆ, ಜಿಂಕ್ ಫಾಸ್ಫೇಟ್ ಕರಗುವುದಿಲ್ಲ.

ಫ್ಲೋರೈಡ್ ಹಾಕಬೇಕೆ ಎಂಬ ಪ್ರಶ್ನೆಗೆ ಉತ್ತರ ಊರನ್ನು ನೋಡಿ ಬದಲಾಗುತ್ತದೆ. ಭಾರತದಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರುವಂತಿಲ್ಲ ಮತ್ತು ಅದರ ಪ್ರಮಾಣವನ್ನು ಟ್ಯೂಬು ಹಾಗೂ ಪೆಟ್ಟಿಗೆಯ ಮೇಲೆ ನಮೂದಿಸಬೇಕು, ಶೇ. 0.22ರಷ್ಟು ಸೋಡಿಯಂ ಫ್ಲೋರೈಡ್ ಈ ಮಿತಿಯನ್ನು ತುಂಬುತ್ತದೆ. ಹಲ್ಲು ಹುಳುಕಾಗದಂತೆ ತಡೆಯುವಲ್ಲಿ ಫ್ಲೋರೈಡಿನ ಜಾಗವನ್ನು ಸತು ತುಂಬಲಾರದು ಎಂಬುದನ್ನು ಸ್ಪಷ್ಟವಾಗಿಯೇ ಹೇಳಬೇಕು. ಆದರೆ ಗದಗ ಜಿಲ್ಲೆಯ ಮುಂಡರಗಿಯಂತಹ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಕಂದು ಕಲೆ ಬಿದ್ದವರನ್ನು ನಾವು ನೋಡುತ್ತಲೇ ಇದ್ದೇವೆ. ಪೇಸ್ಟನ್ನು ನುಂಗಿಬಿಡುವ ಚಿಕ್ಕ ಮಕ್ಕಳಿರುವ ಅಂತಹ ಮನೆಗಳವರು ದಂತವೈದ್ಯರನ್ನು ಕೇಳಿ ನಿರ್ಧರಿಸುವುದು ಒಳ್ಳೆಯದು. ಕೆಳಗಿನ ಸೂತ್ರವನ್ನು ಫ್ಲೋರೈಡ್ ಇಲ್ಲದೆ ಕೊಟ್ಟಿದ್ದೇನೆ, ಏಕೆಂದರೆ ಹದವನ್ನು ಕಲಿಯುವವರೆಗೆ ಕೈಯಲ್ಲಿ ಒಂದು ತೊಡಕು ಕಡಿಮೆ ಇರುವುದು ಮೇಲು.

ನೀರಿನ ಮಾತು ಬಂದಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ: ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂಡ ಎರಡು ಧನಾವೇಶದ ಅಯಾನುಗಳೇ, ಸತು ಮಾಡುವ ಕಿತಾಪತಿಯನ್ನು ಅವೂ ಮಾಡುತ್ತವೆ. ಖನಿಜ ತೆಗೆದ ನೀರನ್ನು ಬಿಟ್ಟು ಬೇರೆ ನೀರು ಬೇಡ.

ಒಂದು ಕಿಲೋ ಪ್ರಯೋಗಕ್ಕೆ ಅಳತೆ

ಶೇ. 70ರ ಸಾರ್ಬಿಟಾಲ್ ದ್ರಾವಣ 420 ಗ್ರಾಂ, ಗ್ಲಿಸರಿನ್ 80 ಗ್ರಾಂ, ಖನಿಜ ತೆಗೆದ ನೀರು 220 ಗ್ರಾಂ. ಉಜ್ಜುವ ಸಿಲಿಕಾ 160 ಗ್ರಾಂ, ದಪ್ಪಗೊಳಿಸುವ ಸಿಲಿಕಾ 60 ಗ್ರಾಂ. ಎಚ್‌ಇಸಿ 10 ಗ್ರಾಂ. ಜಿಂಕ್ ಸಿಟ್ರೇಟ್ ಟ್ರೈಹೈಡ್ರೇಟ್ 15 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 6 ಗ್ರಾಂ. ನೊರೆಗಾಗಿ ಸೋಡಿಯಂ ಲಾರಿಲ್ ಸಲ್ಫೇಟ್ 15 ಗ್ರಾಂ. ಪರಿಮಳದ ಎಣ್ಣೆ 10 ಗ್ರಾಂ, ಸೋಡಿಯಂ ಸ್ಯಾಕರಿನ್ 2.5 ಗ್ರಾಂ, ಮಿಥೈಲ್ ಪ್ಯಾರಾಬೆನ್ 1.5 ಗ್ರಾಂ. ಒಟ್ಟು ಸರಿಯಾಗಿ 1000 ಗ್ರಾಂ. ಸಿಲಿಕಾ ಮತ್ತು ಎಚ್‌ಇಸಿ ಎರಡರಲ್ಲೂ ದರ್ಜೆಗಳು ಹಲವಾರು ಇರುವುದರಿಂದ ಈ ಅಳತೆ ಆರಂಭದ ಮೆಟ್ಟಿಲು ಮಾತ್ರ; ನಿಮ್ಮ ಮಾಲಿಗೆ ತಕ್ಕಂತೆ ದಪ್ಪಗೊಳಿಸುವ ಸಿಲಿಕಾವನ್ನು ಹತ್ತು ಗ್ರಾಂ ಆಚೀಚೆ ಮಾಡಬೇಕಾಗಬಹುದು.

ಟ್ರೈಸೋಡಿಯಂ ಸಿಟ್ರೇಟ್ ಇಲ್ಲಿ ಸುಮ್ಮನೆ ಬಂದಿಲ್ಲ. ಕರಗಿದ ಸತುವನ್ನು ಸಿಟ್ರೇಟ್ ತನ್ನ ತೆಕ್ಕೆಯಲ್ಲಿ ಹಿಡಿದುಕೊಳ್ಳುವುದರಿಂದ ಬಿಡಿ ಅಯಾನುಗಳ ಕಾಟ ಕಡಿಮೆಯಾಗುತ್ತದೆ, ಪಿಎಚ್ ಕೂಡ ಏರಿಳಿತವಿಲ್ಲದೆ ನಿಲ್ಲುತ್ತದೆ.

ಕಲಸುವ ಕ್ರಮ

ಮೊದಲನೆಯ ಹೆಜ್ಜೆಯಲ್ಲಿ ಗ್ಲಿಸರಿನ್ನನ್ನು 60 ಡಿಗ್ರಿಯವರೆಗೆ ಬಿಸಿ ಮಾಡಿ ಪ್ಯಾರಾಬೆನ್ ಅನ್ನು ಅದರಲ್ಲಿ ಕರಗಿಸಿ, ತಣಿದ ಮೇಲೆ ಎಚ್‌ಇಸಿಯನ್ನು ಉದುರಿಸುತ್ತಾ ಕಲಸಬೇಕು. ಝುಣಕ ಮಾಡುವಾಗ ಕಡಲೆಹಿಟ್ಟನ್ನು ಒಮ್ಮೆಲೇ ಕುದಿನೀರಿಗೆ ಸುರಿದರೆ ಹೊರಗೆ ಬೆಂದು ಒಳಗೆ ಹಿಟ್ಟೇ ಉಳಿದ ಗಂಟುಗಳಾಗುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೆಲ್ಯುಲೋಸಿನ ಪುಡಿಯನ್ನು ನೇರವಾಗಿ ನೀರಿಗೆ ಸುರಿದರೂ ಆಗುವುದು ಅದೇ. ಗ್ಲಿಸರಿನ್ನಿನಲ್ಲಿ ಪುಡಿ ಉಬ್ಬುವುದಿಲ್ಲ, ಒಂದೊಂದು ಕಣವೂ ಬೇರೆ ಬೇರೆಯಾಗಿ ನಿಲ್ಲುತ್ತದೆ.

ಎರಡನೆಯದಾಗಿ, ನೀರಿನಲ್ಲಿ ಟ್ರೈಸೋಡಿಯಂ ಸಿಟ್ರೇಟ್ ಮತ್ತು ಸ್ಯಾಕರಿನ್ ಕರಗಿಸಿ, ಆ ನೀರನ್ನು ಮೇಲಿನ ಗ್ಲಿಸರಿನ್ ಮಿಶ್ರಣಕ್ಕೆ ತಿರುವುತ್ತಾ ಸೇರಿಸಬೇಕು. ಸಿಟ್ರೇಟಿನ ನೀರು ತುಸು ಕ್ಷಾರೀಯವಾಗಿರುವುದರಿಂದ ಎಚ್‌ಇಸಿ ಬೇಗ ಉಬ್ಬುತ್ತದೆ. ಆದರೂ ಮುಕ್ಕಾಲು ಗಂಟೆ ಬಿಡಿ. ಅರೆಬರೆ ಉಬ್ಬಿದ ಬಂಧಕ ಟ್ಯೂಬಿನೊಳಗೆ ಹೋದ ಮೇಲೆ ಉಬ್ಬುವುದನ್ನು ಮುಂದುವರಿಸುತ್ತದೆ, ಆಗ ಹದಿನೈದು ದಿನಗಳಲ್ಲಿ ಪೇಸ್ಟ್ ಕಾರಣವಿಲ್ಲದೆ ಗಟ್ಟಿಯಾದಂತೆ ತೋರುತ್ತದೆ. ಗಾಜಿನ ತಟ್ಟೆಯ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು, ಮೀನಿನ ಕಣ್ಣಿನಂತಹ ಕಣಗಳು ಕಾಣದಿದ್ದರೆ ಮುಂದಕ್ಕೆ ಹೋಗಿ.

ಮೂರನೆಯ ಹೆಜ್ಜೆಗೆ ಸಾರ್ಬಿಟಾಲಿನಲ್ಲಿ 60 ಗ್ರಾಂ ಬೇರೆ ತೆಗೆದಿಟ್ಟು ಉಳಿದದ್ದನ್ನು ಸೇರಿಸಿ. ತೆಗೆದಿಟ್ಟದ್ದರಲ್ಲಿ ಜಿಂಕ್ ಸಿಟ್ರೇಟನ್ನು ಚೆನ್ನಾಗಿ ಅರೆದು, ಸಣ್ಣ ಜರಡಿಯಲ್ಲಿ ಹಾಯಿಸಿ, ಆಮೇಲೆ ಮಿಶ್ರಣಕ್ಕೆ ಬಿಡಿ. ಸತುವಿನ ಪುಡಿ ಒಣಗಿದ್ದಾಗಲೇ ಬಿದ್ದರೆ ಬಿದ್ದ ಜಾಗದಲ್ಲಿ ಮುದ್ದೆಗಟ್ಟುತ್ತದೆ, ಹಲ್ಲಿಗೆ ಮರಳು ಸಿಕ್ಕ ಅನುಭವವಾಗುತ್ತದೆ. ಬಂಧಕ ಪೂರ್ತಿ ಉಬ್ಬಿದ ಮೇಲೆಯೇ ಸತು ಬರಬೇಕೆಂಬ ಈ ಸರದಿಯನ್ನು ಯಾವ ಅವಸರಕ್ಕೂ ತಪ್ಪಿಸಬೇಡಿ.

ನಾಲ್ಕನೆಯದಾಗಿ ಉಜ್ಜುವ ಸಿಲಿಕಾ, ಅದರ ಹಿಂದೆ ದಪ್ಪಗೊಳಿಸುವ ಸಿಲಿಕಾ, ಎರಡನ್ನೂ ಕಂತುಗಳಲ್ಲಿ ಹಾಕಿ. ಮುಖಗವಸು ಕಡ್ಡಾಯ, ಈ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಡುಗೆಮನೆಯ ಮಿಕ್ಸಿ ಗಾಳಿಯನ್ನು ಬೀಸಿ ತುಂಬುವುದರಿಂದ ಅದು ಬೇಡ. ನಿಧಾನವಾಗಿ ತಿರುಗುವ, ಪಾತ್ರೆಯ ಗೋಡೆಯನ್ನು ಸವರುವ ಕಲಸುಯಂತ್ರ ಬೇಕು. ದೊಡ್ಡ ಪ್ರಮಾಣಕ್ಕೆ ನಿರ್ವಾತದ ಯಂತ್ರವೇ ಗತಿ. ನಿರ್ವಾತದ ಮೀಟರಿನ ವಿಷಯದಲ್ಲಿ ಕೆಲವರು ವಿನಾಕಾರಣ ಗಾಬರಿಯಾಗುತ್ತಾರೆ: ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿನ ವಾಯುಭಾರವೇ ಸುಮಾರು 700 ಮಿಲಿಮೀಟರ್ ಪಾದರಸದಷ್ಟು. ಮೀಟರು ತೋರಿಸುವುದು ಆ ವಾಯುಭಾರದಿಂದ ಒತ್ತಡ ಎಷ್ಟು ಇಳಿದಿದೆ ಎಂಬುದನ್ನು, ಆದ್ದರಿಂದ ಸಮುದ್ರಮಟ್ಟದ ಮುಂಬಯಿಯ ಕೈಪಿಡಿಯಲ್ಲಿ ಬರೆದ 740ರ ಅಂಕಿಯನ್ನು ಇಲ್ಲಿನ ಮುಳ್ಳು ಮುಟ್ಟುವುದಿಲ್ಲ, ಯಂತ್ರ ಕೆಟ್ಟಿದೆಯೆಂದು ಬಿಚ್ಚಿ ಕೂರಬೇಡಿ.

ಕೊನೆಯಲ್ಲಿ ಪರಿಮಳ, ಅದಾದ ಮೇಲೆ ಲಾರಿಲ್ ಸಲ್ಫೇಟ್. ಇದನ್ನು ಮೊದಲೇ ಹಾಕಿದರೆ ಇಡೀ ಪಾತ್ರೆ ನೊರೆಯಾಗುತ್ತದೆ. ನಿರ್ವಾತದಲ್ಲಿ ಇಪ್ಪತ್ತು ನಿಮಿಷ ನಿಧಾನವಾಗಿ ತಿರುಗಿಸಿ ಗಾಳಿ ತೆಗೆಯಿರಿ.

ಒಂದು ಭಾಗ ಪೇಸ್ಟನ್ನು ಒಂಬತ್ತು ಭಾಗ ನೀರಿನಲ್ಲಿ ಕದಡಿ ಪಿಎಚ್ ನೋಡಿದರೆ 6.5ರಿಂದ 7.5ರ ನಡುವೆ ಇರಬೇಕು. ಭಾರತೀಯ ಮಾನಕ ಐಎಸ್ 6356 ಟೂತ್‌ಪೇಸ್ಟಿಗೆ 5.5ರಿಂದ 10.5ರವರೆಗೆ ಅವಕಾಶ ಕೊಡುತ್ತದೆ, ನಿಜ; ಆದರೆ 8 ದಾಟಿದರೆ ಸತು ಹೈಡ್ರಾಕ್ಸೈಡಾಗಿ ಇಳಿಯುತ್ತದೆ, 6ಕ್ಕಿಂತ ಕೆಳಗಿಳಿದರೆ ಒಗರೂ ಹೆಚ್ಚು, ಬಿಡಿ ಸತುವೂ ಹೆಚ್ಚು. ತಿದ್ದಬೇಕಾದರೆ ಸಿಟ್ರಿಕ್ ಆಮ್ಲ ಅಥವಾ ಸಿಟ್ರೇಟನ್ನು ಮಾತ್ರ ಬಳಸಿ.

ತುಂಬುವುದಕ್ಕೆ ಲ್ಯಾಮಿನೇಟ್ ಟ್ಯೂಬು ಸರಿಯಾದದ್ದು. ಒಳಲೇಪವಿಲ್ಲದ ಅಲ್ಯೂಮಿನಿಯಂ ಬೇಡ, ಏಕೆಂದರೆ ಅಲ್ಯೂಮಿನಿಯಂ ಸತುವಿಗಿಂತ ಚುರುಕಾದ ಲೋಹವಾದ್ದರಿಂದ ಕರಗಿದ ಸತುವಿನ ಜೊತೆ ಪ್ರತಿಕ್ರಿಯಿಸುತ್ತದೆ. ಇನ್ನು, ಮಾರುವ ಉದ್ದೇಶವಿದ್ದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆಯದೆ ಒಂದು ಟ್ಯೂಬನ್ನೂ ಅಂಗಡಿಗೆ ಕೊಡುವಂತಿಲ್ಲ. ವಸಡಿನ ರೋಗ ವಾಸಿಯಾಗುತ್ತದೆ ಎಂದು ಬರೆದರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ.

ಕಾದು ನೋಡುವುದು

ಕಲಸಿದ ತಕ್ಷಣ ಅಳೆದ ಹದಕ್ಕೆ ಅರ್ಥವಿಲ್ಲ. ಯಂತ್ರದ ತಿರುಗಣಿಯಿಂದ ಬಿಡಿಸಿಹೋದ ಸಿಲಿಕಾದ ಜಾಲ ಮತ್ತೆ ಕೂಡಿಕೊಳ್ಳಲು ಒಂದು ದಿನವಾದರೂ ಬೇಕು. ಇಪ್ಪತ್ನಾಲ್ಕು ಗಂಟೆ ಬಿಟ್ಟು ತೆಗೆದ ಅಂಕಿಯೇ ಮೂಲ ಅಂಕಿ. ಅಲ್ಲಿಂದ ಮುಂದೆ ಮೂರು ಗುಂಪು ಮಾಡಿ: ಕೆಲವು ಟ್ಯೂಬುಗಳು ಕೋಣೆಯಲ್ಲಿ, ಕೆಲವು 45 ಡಿಗ್ರಿಯ ಪೆಟ್ಟಿಗೆಯಲ್ಲಿ, ಕೆಲವು ಫ್ರಿಜ್ಜಿನಲ್ಲಿ. ಟ್ಯೂಬಿನ ಜೊತೆ ಗಾಜಿನ ಭರಣಿಯಲ್ಲೂ ಸ್ವಲ್ಪ ಇಟ್ಟರೆ ತಪ್ಪು ಪೇಸ್ಟಿನದೋ ಟ್ಯೂಬಿನದೋ ಎಂಬುದು ತಿಳಿಯುತ್ತದೆ. 7, 14, 28 ಮತ್ತು 90ನೆಯ ದಿನ ತೆಗೆದು ನೋಡಿ.

ವಿಸ್ಕೋಮೀಟರ್ (ಪೇಸ್ಟಿನ ಮಂದತೆಯನ್ನು ಅಳೆಯುವ ಯಂತ್ರ) ಇದ್ದವರು ಪ್ರತಿ ಸಲವೂ ಅದೇ ಸ್ಪಿಂಡಲ್, ಅದೇ ವೇಗ, ಅದೇ ಉಷ್ಣತೆಯಲ್ಲಿ ಅಳೆಯಬೇಕು. ಮೂಲ ಅಂಕಿಯಿಂದ ಶೇ. 20ರ ಆಚೆ ಹೋದರೆ ನಾನು ಆ ಸೂತ್ರವನ್ನು ಕೈಬಿಡುತ್ತೇನೆ. ಇಲ್ಲದವರು ಎರಡು ಗಾಜಿನ ಫಲಕಗಳ ನಡುವೆ ಒಂದು ಗ್ರಾಂ ಪೇಸ್ಟ್ ಇಟ್ಟು, ಮೇಲೆ ಅರ್ಧ ಕಿಲೋ ತೂಕವನ್ನು ಒಂದು ನಿಮಿಷ ಹೇರಿ, ಹರಡಿದ ವೃತ್ತದ ಅಗಲವನ್ನು ಸ್ಕೇಲಿನಿಂದ ಅಳೆದು ಬರೆದಿಡಬಹುದು. ಒತ್ತುಕಾಗದದ ಮೇಲೆ ಒಂದು ಪಟ್ಟಿ ಹಿಂಡಿ ಹತ್ತು ನಿಮಿಷದ ನಂತರ ಸುತ್ತಲಿನ ತೇವದ ಉಂಗುರ ಎಷ್ಟು ಅಗಲವಾಗಿದೆ ಎಂದು ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಗದಗಿನ ಟ್ಯೂಬು ಏಪ್ರಿಲ್‌ನಲ್ಲಿ ಹೇಳಿದ್ದನ್ನು ಈ ಕಾಗದ ಮಾರ್ಚ್ ಮೊದಲ ವಾರದಲ್ಲೇ ಹೇಳುತ್ತಿತ್ತು.

ಕೆಟ್ಟ ಪೇಸ್ಟನ್ನು ಓದುವ ಬಗೆ ಹೀಗೆ. ನೀರು ಬಿಟ್ಟು ಉಳಿದದ್ದು ಗಟ್ಟಿಯಾಗಿದ್ದರೆ ಸತು ಬಂಧಕವನ್ನು ಹಿಡಿದಿದೆ. ಬಂಧಕವನ್ನು ಬದಲಿಸಿ, ಹೆಚ್ಚಿಸಬೇಡಿ. ನೀರು ಬಿಡದೆ ಎಲ್ಲವೂ ಸಮನಾಗಿ ಗಟ್ಟಿಯಾಗಿದ್ದರೆ ಬಂಧಕ ತಡವಾಗಿ ಉಬ್ಬಿದೆ ಅಥವಾ ಟ್ಯೂಬಿನ ಹೊಲಿಗೆಯಿಂದ ನೀರು ಆರಿದೆ, ಟ್ಯೂಬನ್ನು ತೂಗಿದರೆ ಗೊತ್ತಾಗುತ್ತದೆ. ಮರಳುಮರಳಾಗಿದ್ದು ಪಿಎಚ್ ಏರಿದ್ದರೆ ಸತುವಿನ ಗಸಿ ಬಿದ್ದಿದೆ. ಪಿಎಚ್ ಬದಲಾಗದೆ ಮೊದಲ ದಿನದಿಂದಲೇ ಮರಳಾಗಿದ್ದರೆ ಮೂರನೆಯ ಹೆಜ್ಜೆಯಲ್ಲಿ ಅರೆದದ್ದು ಸಾಲದು. ಟ್ಯೂಬು ಉಬ್ಬಿದ್ದರೆ ಅನಿಲ ಹುಟ್ಟಿದೆ. ಸೂಕ್ಷ್ಮಜೀವಿ ಪರೀಕ್ಷೆಗೆ ಕಳುಹಿಸದೆ ಅದನ್ನು ಯಾರ ಬಾಯಿಗೂ ಕೊಡಬಾರದು. ನೀರೂ ಬಿಡದೆ, ಮರಳೂ ಆಗದೆ, ಬರೀ ತೆಳುವಾಗುತ್ತಾ ಹೋದರೆ ಸೆಲ್ಯುಲೇಸನ್ನು ಅನುಮಾನಿಸಿ: ಎಚ್‌ಇಸಿಯ ದ್ರಾವಣವನ್ನು ಎರಡು ಬಾಟಲಿಗೆ ಹಾಕಿ, ಒಂದಕ್ಕೆ ಮಾತ್ರ ನೀವು ತಂದ ಕ್ಸಾಂಥನ್ನನ್ನು ಚಿಟಿಕೆಯಷ್ಟು ಬೆರೆಸಿ, ಎರಡನ್ನೂ 40 ಡಿಗ್ರಿಯಲ್ಲಿ ಒಂದು ವಾರ ಇಟ್ಟು ಓರೆ ಮಾಡಿ ನೋಡಿ, ಬೆರೆಸಿದ ಬಾಟಲಿ ಬೇಗ ಹರಿದರೆ ಆ ಚೀಲವನ್ನು ಮಾರಿದವರಿಗೆ ಹಿಂದಿರುಗಿಸಿ.